ನಮ್ಮ ಬಡಾವಣೆಯ ಪ್ರಥಮ ಅಧಿವೇಶನ

ಸಭೆ ನಡೆಸುವುದು ನನಗೇನು ಹೊಸದಲ್ಲ. ಮೂವತ್ತು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಟ್ಟವನು ನಾನು. ಶಾಸಕಾಂಗದ ಅಧ್ಯಾಯವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸಿಬಿಡುತ್ತೇನೆ. ಒಮ್ಮೆ ಹುಡುಗರನ್ನು ಕರೆದುಕೊಂಡು ಹೋಗಿ ವಿಧಾನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂತು ಬಂದಿದ್ದೆ. ಚುನಾವಣೆ ಮುಗಿದು ಹೊಸ ಸಭೆ ಸೇರಿದ ಮೊದಲ ದಿನ ಅದು. ಹಂಗಾಮಿ ಸಭಾಧ್ಯಕ್ಷರು ಬಂದರು, ಹೊಸಬರು ಒಬ್ಬೊಬ್ಬರಾಗಿ ಪ್ರಮಾಣ ವಚನ ತೆಗೆದುಕೊಂಡರು. ಏನು ಶಿಸ್ತು, ಏನು ಗಾಂಭೀರ್ಯ! ಅವತ್ತಿನಿಂದ ನಾನು ಮನುಷ್ಯನಾಗಿ ಉಳಿಯಲಿಲ್ಲ, ನಿಯಮಾವಳಿಯಾಗಿಬಿಟ್ಟೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ.

ಇಂಥ ನನಗೆ ನಲವತ್ತು ಮನೆಗಳ ಒಂದು ಬಡಾವಣೆಯ ಸಭೆ ಯಾವ ಲೆಕ್ಕ? ಒಂದು ಬೆಳಗಿನ ಕೆಲಸ ಅಂದುಕೊಂಡಿದ್ದೆ.

ಹೊಸಪೇಟೆಯಲ್ಲಿ ಇದ್ದುಕೊಂಡು ಕುಡಿಯಲು ನೀರಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಮ್ಮ ಮನೆಯ ತಾರಸಿ ಹತ್ತಿದರೆ ಡ್ಯಾಮು ಕಾಣುತ್ತದೆ. ಕಾಲುವೆಯ ನೀರು ನಮ್ಮ ಕಣ್ಣೆದುರೇ ಕಂಪ್ಲಿ ಕಡೆಯ ಗದ್ದೆಗಳಿಗೆ ಹೋಗುತ್ತದೆ. ನಮ್ಮ ಗಂಗಾಧರ ಬಡಾವಣೆಗೆ ಮಾತ್ರ ನೀರಿನ ಪೈಪು ಬಂದಿಲ್ಲ. ಬೋರಿನ ಉಪ್ಪು ನೀರು ಬಟ್ಟೆಗೆ, ಪಾತ್ರೆಗೆ. ಕುಡಿಯುವ ನೀರಿಗೆ ಅದಿರು ಲಾರಿಗಳು ಓಡಾಡುವ ದೊಡ್ಡ ರಸ್ತೆಯನ್ನು ದಾಟಿ, ಆಚೆಯ ಬೀದಿ ನಲ್ಲಿಗೆ ಹೋಗಬೇಕು.

ನಮ್ಮ ಮನೆಯಿಂದ ಹೋಗುತ್ತಿದ್ದವಳು ಗಿರಿಜಾ. ಅವಳ ಬಲ ಮೊಣಕಾಲು ಸವೆದಿದೆ. ಭಾರ ಎತ್ತಲೇಬಾರದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದಾರೆ. ಹಾಗಾದರೆ ಗಂಡಸು ನೀನೇನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ಒಂದು ದಿನ ನಾನೂ ಕೊಡ ಹೊತ್ತು ತಂದೆ. ಸೊಂಟ ಹಿಡಿದುಕೊಂಡು ನಾಲ್ಕು ದಿನ ಮಲಗಿದೆ. ಬಿಸಿನೀರಿನ ಶಾಖ ಕೊಡಬೇಕು, ಗಂಟೆಗೊಮ್ಮೆ ಕಷಾಯ ಆಗಬೇಕು ಎಂದು ಆ ನಾಲ್ಕೂ ದಿನ ಇನ್ನೂ ಎರಡು ಕೊಡ ನೀರು ಹೆಚ್ಚಿಗೆ ಬೇಕಾಯಿತು. ಅದನ್ನೂ ಅವಳೇ ತಂದಳು.

ಹೀಗಿರುವಾಗ ಒಂದು ಗುರುವಾರ ನಗರಸಭೆಯಲ್ಲಿ ನೀರಿನ ವಾಲ್ವ್ ತಿರುಗಿಸುವ ಖಾಜಾ ಹುಸೇನ್ ಸೈಕಲ್ ನಿಲ್ಲಿಸಿ ಒಳಗೆ ಬಂದ. ಕೈಯಲ್ಲೊಂದು ಕಾಗದ.

"ಸಾರ್, ಹೊಸಾ ಲೈನ್ ಬಂದೈತ್ರಿ. ಆದ್ರ ಪೈಪು ಒಂದು ಏರಿಯಾಕ್ಕ ಆಗೋಷ್ಟಾ ಐತಿ. ನಿಮ್ಮದರ ಆಗಬೋದು, ರೋಡಿನ ಆಚೆ ಏರಿಯಾದರ ಆಗಬೋದು. ರಸ್ತೆ ಅಗಿಯಾಕ ನಮ್ದೇನೂ ತಕರಾರಿಲ್ಲ ಅಂತ ಈ ಕಾಗದದಾಗ ಸಹಿ ಮಾಡಿ ಕೊಡ್ರಿ. ಇಪ್ಪತ್ತೊಂದು ಮನಿಯವರದ್ದು ಸಹಿ, ಕೆಳಗ ಸಂಘದ ಅಧ್ಯಕ್ಷರದ್ದು ಒಂದು ಸಹಿ. ಶನಿವಾರ ಎರಡು ಗಂಟೆಯೊಳಗ ಆಫೀಸಿನ್ಯಾಗ ಇರಬೇಕು ನೋಡ್ರಿ. ಆಮ್ಯಾಲೆ ಸಾಹೇಬ್ರು ಸಂಡೂರಿಗೆ ಹೋಗ್ತಾರ. ಯಾರ ಕಾಗದ ಮೊದ್ಲು ಬರ್ತೈತಿ, ಅವರಿಗೆ ನೀರು."

"ನಮ್ಮಲ್ಲಿ ಸಂಘವೇ ಇಲ್ಲವಲ್ಲಪ್ಪ" ಎಂದೆ.

"ಈಗ ಐತಿ ಅಂತ ಅನ್ಕೊಳ್ರಿ" ಎಂದು ಹೇಳಿ ಅವನು ಹೋದ.

ಗಿರಿಜಾ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ರೀ, ಅಧ್ಯಕ್ಷರು ಅಂತ ಐತಲ್ಲ, ಅಲ್ಲಿ ನೀವಾ ಒಂದು ಗೀಚ್ರಿ. ನಾನು ಸಂಜೀಕ ಮನಿ ಮನಿಗೆ ಹೋಗಿ ಸಹಿ ಹಾಕಿಸ್ಕೊಂಡು ಬರ್ತೀನಿ. ನಾಳೆ ಮುಂಜಾನೆ ಕೊಟ್ಟುಬಿಡೋಣ."

ನನಗೆ ಮೈಯೆಲ್ಲ ಉರಿದುಹೋಯಿತು. "ಗಿರಿಜಾ! ಯಾರೂ ಆರಿಸದ ಅಧ್ಯಕ್ಷ ಸಹಿ ಹಾಕಿದರೆ ಅದು ಪ್ರಜಾಪ್ರಭುತ್ವದ ಕಗ್ಗೊಲೆ!"

"ಯಾರ ಕೊಲೀನಾರ ಆಗ್ಲಿ, ನೀರು ಬಂದ್ರ ಸಾಕು" ಎಂದಳು.

ಇಂಥ ಅಜ್ಞಾನಕ್ಕೆ ಉತ್ತರ ಕೊಡುವುದು ನನ್ನ ಘನತೆಗೆ ತಕ್ಕುದಲ್ಲವೆಂದು ಕೋಣೆ ಸೇರಿ ಕಾರ್ಯಸೂಚಿ ಬರೆಯಲು ಕೂತೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಸಭೆ. ಮೊದಲು ಹಂಗಾಮಿ ಸಭಾಧ್ಯಕ್ಷರ ನೇಮಕ, ಆಮೇಲೆ ಆಸನ ವ್ಯವಸ್ಥೆ, ಪ್ರಮಾಣ ವಚನ, ಸಭಾಧ್ಯಕ್ಷರ (ಅವರೇ ಸಂಘದ ಅಧ್ಯಕ್ಷರು) ಚುನಾವಣೆ, ಪೀಠಾರೋಹಣ, ಅಭಿನಂದನೆ, ಸಂತಾಪ ಸೂಚನೆ, ಸಮಿತಿಗಳ ರಚನೆ. ನೀರಿನ ಕಾಗದ ಒಂಬತ್ತನೆಯ ವಿಷಯ. ಬರೆದು ಮುಗಿಸಿ ಓದಿಕೊಂಡಾಗ ನನಗೇ ರೋಮಾಂಚನವಾಯಿತು.

ಶನಿವಾರ ಬಂತು. ಕಂಪ್ಲಿಯಲ್ಲಿ ಅಕ್ಕಿ ಮಿಲ್ಲು ಇಟ್ಟಿರುವ ಬಸವರಾಜಪ್ಪನವರ ಲಾರಿ ಶೆಡ್ಡೇ ನಮ್ಮ ಸದನ. ಇಪ್ಪತ್ತಮೂರು ಮನೆಯವರು ಬಂದಿದ್ದರು. ಸಹಿಗೆ ಬೇಕಾದದ್ದು ಇಪ್ಪತ್ತೊಂದೇ! ಆ ಕ್ಷಣದಲ್ಲಿ ಕಾಗದವನ್ನು ಕೈಯಿಂದ ಕೈಗೆ ದಾಟಿಸಿದ್ದರೆ ಹತ್ತೂಕಾಲಿಗೆ ಎಲ್ಲ ಮುಗಿದು, ಉಪ್ಪಿಟ್ಟು ತಿಂದು ಮನೆಗೆ ಹೋಗಬಹುದಿತ್ತು. ಈ ವಿಚಾರ ಅಲ್ಲಿದ್ದ ಎಲ್ಲರಿಗೂ ಹೊಳೆದಿತ್ತು. ಹೊಳೆಯದವನು ನಾನೊಬ್ಬನೇ.

ಹಂಗಾಮಿ ಸಭಾಧ್ಯಕ್ಷರನ್ನು ನೇಮಿಸುವವರು ರಾಜ್ಯಪಾಲರು. ನಮ್ಮ ಬಡಾವಣೆಗೆ ರಾಜ್ಯಪಾಲರಿಲ್ಲ. ಆದ್ದರಿಂದ ನನ್ನನ್ನು ನಾನೇ ನೇಮಿಸಿ ಆದೇಶ ಹೊರಡಿಸಿ, ಅದನ್ನು ನಾನೇ ಓದಿ, ನನಗೆ ನಾನೇ ಪ್ರಮಾಣ ಬೋಧಿಸಿಕೊಂಡೆ. ಒಬ್ಬರು ಚಪ್ಪಾಳೆ ತಟ್ಟಿದರು. ಮಿಕ್ಕವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಕುರ್ಚಿಗಳನ್ನು ಕುದುರೆ ಲಾಳದ ಆಕಾರದಲ್ಲಿ ಹಾಕಿಸಿದ್ದೆ. ಚರಂಡಿಯ ಪೂರ್ವದ ಮನೆಗಳು ಆಡಳಿತ ಪಕ್ಷ, ಪಶ್ಚಿಮದವು ವಿರೋಧ ಪಕ್ಷ ಎಂದು ಪ್ರಕಟಿಸಿದೆ. ಪಶ್ಚಿಮದವರು ಸಿಡಿದೆದ್ದರು. ಹಂಪಿಯಲ್ಲಿ ಗೈಡ್ ಆಗಿರುವ ಪಂಪಾಪತಿ ಅವರ ಮುಂದಾಳು.

"ನಾವ್ಯಾಕ್ರಿ ವಿರೋಧ? ನಾವೇನು ನೀರು ಬ್ಯಾಡ ಅಂದೀವೇನು?"

"ಹಾಗಲ್ಲ ಪಂಪಾಪತಿ, ವಿರೋಧ ಪಕ್ಷವೂ ಗೌರವದ ಸ್ಥಾನ. ಪ್ರಶ್ನೆ ಕೇಳಬಹುದು, ಕೂಗಬಹುದು, ಸಿಟ್ಟು ಬಂದರೆ ಸದನದ ಬಾವಿಗೆ ಇಳಿಯಬಹುದು."

"ಬಾವಿ ಇದ್ದಿದ್ರ ಈ ಮೀಟಿಂಗ್ ಯಾಕ ಬೇಕಾಗಿತ್ರಿ ಸಾರ್?" ಎಂದು ಯಾರೋ ಹಿಂದಿನಿಂದ ಕೂಗಿದರು. ಸದನ ನಕ್ಕಿತು. ನಾನು ಸ್ಟೀಲ್ ಲೋಟವನ್ನು ಚಮಚದಿಂದ ಬಾರಿಸಿ ಆ ಮಾತನ್ನು ಕಡತದಿಂದ ತೆಗೆಸಿದೆ. ಇಷ್ಟರಲ್ಲಿ, ಕೂಗಲು ಅವಕಾಶವಿರುವುದು ವಿರೋಧ ಪಕ್ಷಕ್ಕೆ ಮಾತ್ರ ಎಂದು ಪೂರ್ವದವರಿಗೆ ಗೊತ್ತಾಗಿ ಅವರೂ ಎದ್ದು ಪಶ್ಚಿಮಕ್ಕೆ ಹೊರಟರು. ಅವರನ್ನು ವಾಪಸ್ ಕೂರಿಸುವ ಹೊತ್ತಿಗೆ ಹನ್ನೊಂದು ಗಂಟೆ.

ಪ್ರಮಾಣ ವಚನ ಶುರುವಾಯಿತು. ದೇವರ ಹೆಸರಿನಲ್ಲಿ ಎಂದು ನಾನು ಬರೆದಿದ್ದೆ. ಯಾವ ದೇವರು ಎಂದು ಕೇಳಿದರು! ಪಂಪಾಪತಿ ವಿರೂಪಾಕ್ಷನ ಮೇಲೆ ತೆಗೆದುಕೊಂಡ. ಬಸವರಾಜಪ್ಪನವರು ತೀರಿಹೋದ ತಮ್ಮ ತಂದೆಯ ಹೆಸರಿನಲ್ಲಿ ಪ್ರಾರಂಭಿಸಿ, ಅವರು ಎತ್ತಿನ ಗಾಡಿಯಲ್ಲಿ ಭತ್ತ ಹೇರಿ ಮೇಲೆ ಬಂದ ಕಥೆಯನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡರು. ಬ್ಯಾಂಕಿನಲ್ಲಿ ಕೆಲಸ ಮಾಡುವ ಸುಜಾತಾ ಮೇಡಂ ಸಂವಿಧಾನದ ಹೆಸರಿನಲ್ಲಿ ಅರ್ಧ ನಿಮಿಷದಲ್ಲಿ ಮುಗಿಸಿ, "ಇನ್ನು ಆ ಕಾಗದ ಕೊಡ್ರಿ ಸಾರ್, ಸಹಿ ಮಾಡ್ತೀನಿ" ಎಂದು ಪೆನ್ನು ತೆಗೆದರು.

"ಅದು ಒಂಬತ್ತನೆಯ ವಿಷಯ" ಎಂದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

ಆಗ ಖಾಜಾ ಹುಸೇನ್ ಬಂದ. ಬೆವರು ಒರೆಸಿಕೊಳ್ಳುತ್ತಾ ನೇರವಾಗಿ ಲಾಳದ ನಡುವೆ ಬಂದು ನಿಂತ. "ಸಾರ್, ಆಯ್ತೇನ್ರಿ? ಜಲ್ದಿ ಕೊಟ್ರ ನಾನಾ ಒಯ್ದು ಕೊಡ್ತೀನಿ. ಆಚೆಯವ್ರಿಗೂ ಕಾಗದ ಕೊಟ್ಟು ಬಂದೀನಿ."

"ಸದಸ್ಯರಲ್ಲದವರು ಸದನದೊಳಗೆ ಬರುವ ಹಾಗಿಲ್ಲ! ದಯವಿಟ್ಟು ಪ್ರೇಕ್ಷಕರ ಗ್ಯಾಲರಿಗೆ ಹೋಗಿ" ಎಂದು ಕಾಂಪೌಂಡ್ ಗೋಡೆಯನ್ನು ತೋರಿಸಿದೆ. ಪಾಪ, ಅವನು ಆ ಬಿಸಿಲಿನಲ್ಲಿ ಗೋಡೆ ಹತ್ತಿ ಕೂತ. ನಮಗೆ ನೀರು ಕೊಡಲೆಂದೇ ಬಂದಿದ್ದ ಮನುಷ್ಯನಿಗೆ ಒಂದು ಲೋಟ ನೀರು ಬೇಕೇ ಎಂದು ನಾನು ಕೇಳಲಿಲ್ಲ. ಅದನ್ನು ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸಕ್ಕೆ ಹೋಗುವ ಹುಲುಗಪ್ಪ ಎದ್ದು ನಿಂತ. ಅವನ ಜೊತೆ ಇನ್ನೂ ಮೂವರು. "ಸಾರ್, ನಮ್ದು ಬಿ ಶಿಫ್ಟ್. ಬಸ್ ಬರ್ತೈತ್ರಿ. ನಾಕು ಸಹಿ ಮಾಡಿ ಹೋಗಿಬಿಡ್ತೀವಿ."

"ಹುಲುಗಪ್ಪ, ಸಭಾಧ್ಯಕ್ಷರ ಚುನಾವಣೆಯೇ ಆಗಿಲ್ಲ. ಅದಕ್ಕೂ ಮುಂಚೆ ಸದನ ಬೇರೆ ಯಾವ ಕಲಾಪವನ್ನೂ ಕೈಗೆತ್ತಿಕೊಳ್ಳುವ ಹಾಗಿಲ್ಲ. ಹಂಗಾಮಿಯಾದ ನನಗೆ ಆ ಅಧಿಕಾರವಿಲ್ಲ."

"ಪೆನ್ನು ನಂದಾ ಐತ್ರಿ."

"ಪ್ರಶ್ನೆ ಪೆನ್ನಿನದಲ್ಲ, ಸಂಪ್ರದಾಯದ್ದು."

ಹುಲುಗಪ್ಪ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡ. "ಬಸ್ ತಪ್ಪಿದ್ರ ಹಾಜರಿ ಹೋಗ್ತೈತ್ರಿ. ನಿಮ್ಮ ಸಂಪ್ರದಾಯ ಕೊಡ್ತೈತೇನು?" ಎಂದು ಹೇಳಿ ಹೊರಟ. ಮೂವರೂ ಅವನ ಹಿಂದೆ ನಡೆದರು. ನಾನು ಬಹಳ ಖುಷಿಯಿಂದ ನಡಾವಳಿ ಪುಸ್ತಕದಲ್ಲಿ 'ಸಭಾತ್ಯಾಗ, ನಾಲ್ವರು' ಎಂದು ಬರೆದೆ. ಮೊದಲ ಅಧಿವೇಶನದಲ್ಲೇ ಸಭಾತ್ಯಾಗ! ಸದನದಲ್ಲಿ ಹತ್ತೊಂಬತ್ತು ಮನೆಯವರು ಉಳಿದೆವು.

ಸಭಾಧ್ಯಕ್ಷರ ಸ್ಥಾನಕ್ಕೆ ಬಸವರಾಜಪ್ಪ ಮತ್ತು ಪಂಪಾಪತಿ ನಿಂತರು. ಬಸವರಾಜಪ್ಪನವರ ವಾದ, ಶೆಡ್ಡು ತಮ್ಮದು. ಪಂಪಾಪತಿಯ ವಾದ, ತನಗೆ ನಾಲ್ಕು ಭಾಷೆ ಬರುತ್ತದೆ. ಚೀಟಿ ಹಾಕಿದೆವು. ಒಂಬತ್ತು, ಒಂಬತ್ತು! ನಿರ್ಣಾಯಕ ಮತ ನನ್ನದು.

ಇಲ್ಲಿ ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ. ಬಸವರಾಜಪ್ಪನವರು ಮನೆಯಿಂದ ಎತ್ತರ ಬೆನ್ನಿನ, ಕೆತ್ತನೆಯ ಮರದ ಕುರ್ಚಿಯೊಂದನ್ನು ತರಿಸಿ ಪೀಠವಾಗಿ ಇಟ್ಟಿದ್ದರು. ಬೆಳಿಗ್ಗೆ ಅದನ್ನು ಕಂಡಾಗಿನಿಂದ ನನಗೆ ಅದರ ಮೇಲೆ ಆಸೆ. ಮುಚ್ಚಿಡುವುದೇನಿದೆ? ಮೂವತ್ತು ವರ್ಷ ಹುಡುಗರು ನನ್ನ ಪಾಠಕ್ಕೆ ಆಕಳಿಸಿದ್ದರು. ಒಂದೇ ಒಂದು ಸಲ ನಾನು ಎದ್ದಾಗ ಜನ ಸುಮ್ಮನಾಗಬೇಕು ಎಂಬ ಹಂಬಲ ಒಳಗೇ ಕೂತಿತ್ತು. ಆದ್ದರಿಂದ ನಾನು ಯಾರಿಗೂ ಮತ ಹಾಕಲಿಲ್ಲ. "ಸದನದ ಐಕ್ಯತೆಗಾಗಿ ಮೂರನೆಯ, ಪಕ್ಷಾತೀತ ವ್ಯಕ್ತಿಯೊಬ್ಬರನ್ನು ಯೋಚಿಸಬಹುದಲ್ಲವೇ?" ಎಂದು ಹೇಳಿ ನೆಲ ನೋಡುತ್ತಾ ನಿಂತೆ.

ಸುಜಾತಾ ಮೇಡಂ ಗಡಿಯಾರ ನೋಡಿ, "ಸಾರ್, ನೀವಾ ಆಗಿಬಿಡ್ರಿ, ಮುಗೀಲಿ" ಎಂದರು. ಎಲ್ಲರೂ "ಆಗ್ರಿ ಆಗ್ರಿ" ಎಂದು ಕೂಗಿದರು. ನಾನು ಅವಿರೋಧವಾಗಿ ಆಯ್ಕೆಯಾದೆ!

ಇನ್ನಾದರೂ ಕುರ್ಚಿಯಲ್ಲಿ ಕೂತು ಸಹಿ ಹಾಕಬಾರದೇ? ಇಲ್ಲ. ಆಯ್ಕೆಯಾದ ಸಭಾಧ್ಯಕ್ಷ ತಾನಾಗಿಯೇ ಹೋಗಿ ಕೂರುವಂತಿಲ್ಲ. ಎರಡೂ ಪಕ್ಷದವರು ಕೈಹಿಡಿದು ಕರೆದೊಯ್ಯಬೇಕು. ಎಲ್ಲೋ ಹಿಂದಿನ ಕಾಲದಲ್ಲಿ ಈ ಹುದ್ದೆಗೆ ಹೋದವರ ತಲೆಯನ್ನು ರಾಜ ತೆಗೆಸುತ್ತಿದ್ದನಂತೆ, ಹಾಗಾಗಿ ಅವನು ಒಲ್ಲೆ ಒಲ್ಲೆ ಎಂದು ಹಿಂಜರಿಯಬೇಕು, ಇವರು ಎಳೆಯಬೇಕು. ಇದನ್ನು ನಾನೇ ವಿವರಿಸಿ ಹೇಳಿ, ಶೆಡ್ಡಿನ ಕಂಬವನ್ನು ತಬ್ಬಿಕೊಂಡು ನಿಂತೆ.

ಬಸವರಾಜಪ್ಪನವರು ಹರೆಯದಲ್ಲಿ ಅಕ್ಕಿ ಮೂಟೆ ಹೊತ್ತವರು. ಸೋತ ಸಿಟ್ಟೂ ಇತ್ತು. ಒಂದೇ ಎಳೆತ! ನನ್ನ ಜುಬ್ಬಾದ ಬಲ ತೋಳು ಅವರ ಕೈಗೆ ಬಂತು. ಉಳಿದ ನಾನು ಪೀಠದ ಕಾಲಿನ ಬಳಿ ಹೋಗಿ ಬಿದ್ದೆ. ಗೋಡೆಯ ಮೇಲಿನ ಖಾಜಾ ಹುಸೇನ್ "ಯಾ ಅಲ್ಲಾ" ಎಂದದ್ದು ಕೇಳಿಸಿತು. ಎದ್ದು, ಒಂದೇ ತೋಳಿನ ಜುಬ್ಬಾದಲ್ಲಿ ಪೀಠವನ್ನು ಅಲಂಕರಿಸಿದೆ.

ಆಮೇಲೆ ಅಭಿನಂದನಾ ಭಾಷಣಗಳು. ನೂತನ ಸಭಾಧ್ಯಕ್ಷರನ್ನು ಎರಡೂ ಕಡೆಯ ನಾಯಕರು ಹೊಗಳುವುದು ಪದ್ಧತಿ. ಪಂಪಾಪತಿ ಪ್ರವಾಸಿಗರಿಗೆ ದಿನವೂ ಹೇಳುವುದನ್ನೇ ಶುರುಮಾಡಿದ. ವಿಜಯನಗರದ ಅರಸರ ಒಡ್ಡೋಲಗ, ಮಹಾನವಮಿ ದಿಬ್ಬ, ಕಲ್ಲಿನ ರಥ ಎಲ್ಲ ದಾಟಿ ನನ್ನ ಬಳಿ ಬರುವಷ್ಟರಲ್ಲಿ ಇಪ್ಪತ್ತೈದು ನಿಮಿಷ. ಅವನಿಗಿಂತ ಕಡಿಮೆ ಮಾತಾಡಿದರೆ ಮರ್ಯಾದೆ ಹೋಗುತ್ತದೆಂದು ಬಸವರಾಜಪ್ಪನವರು ಮೂವತ್ತು ನಿಮಿಷ ಮಾತಾಡಿದರು. ನಾನು ತಡೆಯಬಹುದಿತ್ತು. ತಡೆಯಲಿಲ್ಲ. ಹೊಗಳುತ್ತಿದ್ದರಲ್ಲ!

ಗಂಟೆ ಒಂದೂವರೆಯಾಗಿತ್ತು. ಏಳನೆಯ ವಿಷಯ, ಸಂತಾಪ ಸೂಚನೆ. ಹಿಂದಿನ ವರ್ಷ ತೀರಿಕೊಂಡ ಮೂರನೇ ಅಡ್ಡರಸ್ತೆಯ ನಿವೃತ್ತ ಪೋಸ್ಟ್‌ಮನ್ ಹನುಮಂತಪ್ಪನವರಿಗಾಗಿ ಎಲ್ಲರೂ ಎದ್ದು ಮೌನ ಆಚರಿಸಿದೆವು. ಕೂತ ಮೇಲೆ ನನಗೊಂದು ಸಂಪ್ರದಾಯ ನೆನಪಾಯಿತು. ಸಂತಾಪ ಸೂಚಿಸಿದ ಬಳಿಕ, ಅಗಲಿದವರ ಗೌರವಾರ್ಥ ಸದನವನ್ನು ಅಂದಿನ ಮಟ್ಟಿಗೆ ಮುಂದೂಡುವುದುಂಟು. ಮುಂದೂಡಿದರೆ ಒಂಬತ್ತನೆಯ ವಿಷಯ? ನಾನು ಆ ಬಗ್ಗೆ ಗಹನವಾಗಿ ಯೋಚಿಸತೊಡಗಿದೆ.

ಆಗ ಹಿಂದಿನ ಸಾಲಿನಲ್ಲಿ ಗಿರಿಜಾ ಎದ್ದಳು. ಮೊಣಕಾಲು ಹಿಡಿದುಕೊಂಡು, ಕುರ್ಚಿಗೆ ಕೈ ಊರಿ ಎದ್ದಳು. "ರೀ, ಟೈಮ್ ಆಗ್ತೈತಿ. ಅದೊಂದು ಸಹಿ ಹಾಕಿ ಕೊಟ್ಟುಬಿಡ್ರಿ. ಮಿಕ್ಕಿದ್ದು ಆಮ್ಯಾಲೆ ಮಾಡ್ಕೊಳ್ರಿ."

ಇಡೀ ಸದನ ನನ್ನ ಕಡೆ ನೋಡುತ್ತಿತ್ತು. ನಾನು ಲೋಟ ಬಾರಿಸಿದೆ. ಹೇಳಿದೆ, ನನ್ನ ಬಾಯಿಂದಲೇ ಹೇಳಿದೆ: "ಗೌರವಾನ್ವಿತ ಸದಸ್ಯೆಯವರು ಪೀಠದ ಅನುಮತಿಯಿಲ್ಲದೆ ಮಾತನಾಡುವಂತಿಲ್ಲ. ಕುಳಿತುಕೊಳ್ಳಬೇಕು."

ಯಾರೂ ನಗಲಿಲ್ಲ. ನಾನು ಮೂವತ್ತು ವರ್ಷ ಬಯಸಿದ್ದ ಆ ಮೌನ ಆಗ ಸಿಕ್ಕಿತು. ಅವಳಿಗೆ ಆ ಕಾಲಿನಲ್ಲಿ ಕೂರುವುದು ಏಳುವುದಕ್ಕಿಂತ ಕಷ್ಟ. ನಿಧಾನವಾಗಿ ಕೂತಳು. ನನ್ನನ್ನು ನೋಡಲಿಲ್ಲ.

ಸುಜಾತಾ ಮೇಡಂ ಎದ್ದು ಬಂದು ನನ್ನ ಮೇಜಿನ ಮೇಲಿದ್ದ ಕಾಗದವನ್ನು ಕಸಿದುಕೊಂಡರು. ತಾವು ಸಹಿ ಮಾಡಿ ಪಕ್ಕದವರಿಗೆ ಕೊಟ್ಟರು. ಅಧಿವೇಶನ ಅಲ್ಲಿಗೆ ಮುಗಿಯಿತು. ಹತ್ತೊಂಬತ್ತು ಸಹಿಗಳಾದವು, ಕೆಳಗೆ ಅಧ್ಯಕ್ಷನಾದ ನನ್ನದೂ ಆಯಿತು. ಇನ್ನೆರಡು ಬೇಕು! ಹುಲುಗಪ್ಪನೂ ಅವನ ಗೆಳೆಯರೂ ಅಷ್ಟೊತ್ತಿಗೆ ಫ್ಯಾಕ್ಟರಿ ಗೇಟಿನಲ್ಲಿದ್ದರು. ಪಂಪಾಪತಿ ಓಡಿಹೋಗಿ ಎರಡು ಮನೆಯ ಬಾಗಿಲು ಬಡಿದು ಸಹಿ ತಂದ. ನೋಡಿದರೆ ಗೋಡೆಯ ಮೇಲೆ ಖಾಜಾ ಹುಸೇನ್ ಇರಲಿಲ್ಲ. ಪಂಪಾಪತಿಯ ಬೈಕಿನ ಹಿಂದೆ, ಒಂದು ತೋಳಿಲ್ಲದ ಜುಬ್ಬಾದಲ್ಲಿ, ಕಾಗದ ಹಿಡಿದುಕೊಂಡು ಆಫೀಸಿಗೆ ಹೋದೆ. ಎರಡೂ ಹತ್ತು. ಸಾಹೇಬರು ಸಂಡೂರಿಗೆ ಹೋಗಿಯಾಗಿತ್ತು. ಟೇಬಲ್ಲಿನ ಮೇಲೆ ಆಚೆ ಬಡಾವಣೆಯ ಕಾಗದ ಕೂತಿತ್ತು.

ಅವರು ಹೇಗೆ ಮಾಡಿದರೆಂದು ಆಮೇಲೆ ತಿಳಿಯಿತು. ಆಟೋ ಓಡಿಸುವ ಒಬ್ಬರ ಹೆಂಡತಿ ಲಕ್ಷ್ಮವ್ವ, ಗಂಡನ ಆಟೋದ ಸೀಟಿನ ಮೇಲೆ ಕಾಗದ ಇಟ್ಟುಕೊಂಡು ಮನೆ ಮನೆ ಮುಂದೆ ನಿಲ್ಲಿಸಿ ಸಹಿ ಹಾಕಿಸಿದ್ದಾಳೆ. ಅಧ್ಯಕ್ಷರು ಎಂದು ಇದ್ದಲ್ಲಿ ಯಾರದ್ದು ಎಂದು ಕೇಳಿದಾಗ ಯಾರೂ ಮುಂದೆ ಬರಲಿಲ್ಲವಂತೆ. ತಾನೇ ಹಾಕಿದ್ದಾಳೆ. ಒಟ್ಟು ಅರ್ಧ ಗಂಟೆ.

ಎರಡು ತಿಂಗಳಲ್ಲಿ ಅಲ್ಲಿ ಮನೆ ಮನೆಗೆ ನಲ್ಲಿ ಬಂತು, ಮೂಲೆಗೊಂದು ಸಾರ್ವಜನಿಕ ನಲ್ಲಿಯೂ ಬಂತು. ಹೊಸ ಲೈನು ಬಂದ ಮೇಲೆ ಹಳೆಯ ಬೀದಿ ನಲ್ಲಿಯನ್ನು ಬಂದ್ ಮಾಡಿದರು! ಈಗ ನಮ್ಮವರು ನೀರಿಗೆ ಲಕ್ಷ್ಮವ್ವನ ಬೀದಿಗೇ ಹೋಗಬೇಕು. ಇನ್ನೂ ಎರಡು ಫರ್ಲಾಂಗು ದೂರ. ಬಡಾವಣೆಯಲ್ಲಿ ನನಗೆ 'ಸ್ಪೀಕರ್ ಸಾಹೇಬ್ರು' ಎಂದು ಹೆಸರು ಬಿದ್ದಿದೆ. ಹುಲುಗಪ್ಪ ಮಾತ್ರ ನನ್ನನ್ನು ಕಂಡರೆ ಬೇರೆ ರಸ್ತೆಯಲ್ಲಿ ಹೋಗುತ್ತಾನೆ. ಗಿರಿಜಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವಳು ಎರಡು ಕೊಡ ತೆಗೆದುಕೊಂಡು ಹೋಗುತ್ತಾಳೆ, ಬರುತ್ತಾಳೆ, ಬಾಗಿಲ ಬಳಿ ಮೆಟ್ಟಿಲ ಮೇಲೆ ಕೂತು ಮೊಣಕಾಲು ತಿಕ್ಕಿಕೊಳ್ಳುತ್ತಾಳೆ. ನಾನು ಒಳಗಿನಿಂದ ನೋಡುತ್ತಿರುತ್ತೇನೆ.

ಕೊನೆಗೆ ನಾನೇ ಏನಾದರೂ ಮಾಡಬೇಕೆಂದು ತೀರ್ಮಾನಿಸಿದೆ. ಕಾಲು ನೋವಿನ ಹೆಂಗಸನ್ನು ಸಾಲಿನಲ್ಲಿ ನಿಲ್ಲಿಸದೆ ಮೊದಲು ನೀರು ಹಿಡಿಯಲು ಬಿಡಿ ಎಂದು ಕೇಳಿಕೊಳ್ಳುವುದು, ಇಷ್ಟೇ ವಿಷಯ. ಎರಡು ರಾತ್ರಿ ಕೂತು ಮನವಿ ಬರೆದು, ಫೈಲಿನಲ್ಲಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಲಕ್ಷ್ಮವ್ವನ ಮನೆಗೆ ಹೋದೆ.

"ಬರ್ರಿ ಸಾರ್, ಕುಂದ್ರಿ" ಎಂದಳು. ಕೊಡ ತಂದೀರೇನು ಎಂದು ನನ್ನ ಕೈ ನೋಡಿದಳು. ನಾನು ಫೈಲು ಕೊಟ್ಟೆ.

ಅವಳು ಮೊದಲ ಪುಟ ಓದಿದಳು. ಎರಡನೆಯ ಪುಟ ಓದಿದಳು. ತಿರುಗಿಸಿ ಹಿಂದೆ ಏನಾದರೂ ಇದೆಯೇ ಎಂದು ನೋಡಿದಳು.

"ಭಾಳ ಚಂದ ಬರದೀರಿ ಸಾರ್. ಆದ್ರ ಏನು ಬೇಕಂತ ತಿಳೀಲಿಲ್ಲರಿ."

"ಅದೇ, ನಮ್ಮ ಮನೆಯವರದ್ದು, ಮೊಣಕಾಲು..."

"ಅಯ್ಯ, ಅಮ್ಮಾರ ಕಾಲು ಅಷ್ಟು ಬ್ಯಾನಿ ಐತೇನ್ರಿ? ದಿನಾ ಬರ್ತಾರ, ಒಂದಿನಾನೂ ಹೇಳಿಲ್ಲಲ್ರಿ! ಅದನ್ನ ಇದ್ರಾಗ ಎಲ್ಲಿ ಬರದೀರಿ?"

ಫೈಲನ್ನು ವಾಪಸ್ ತೆಗೆದುಕೊಂಡು ಓದಿದೆ. ಜಲವು ಸರ್ವರ ಹಕ್ಕು ಎಂದಿತ್ತು. ನೆರೆಹೊರೆಯ ಬಡಾವಣೆಗಳ ಸೌಹಾರ್ದದ ಬಗ್ಗೆ ಒಂದು ಇಡೀ ಪ್ಯಾರಾ ಇತ್ತು. ನನ್ನ ಹೆಸರಿತ್ತು, ಅದರ ಕೆಳಗೆ 'ಮಾಜಿ ಸಭಾಧ್ಯಕ್ಷರು' ಎಂದೂ ಇತ್ತು. ಗಿರಿಜಾಳ ಮೊಣಕಾಲು ಮಾತ್ರ ಎರಡೂ ಪುಟದಲ್ಲಿ ಎಲ್ಲೂ ಇರಲಿಲ್ಲ.